ವಾರಗಿತ್ತಿಯ ಕೆರೆ ಪಾಠ

ನನ್ನ ಮೈದುನನ ಹೆಂಡತಿ ನಮ್ಮ ಮನೆಗೆ ಬಂದಾಗ ಯುದ್ಧ ಇನ್ನೂ ಮುಗಿದಿರಲಿಲ್ಲ. ಹಲಸೂರಿನ ರಸ್ತೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಿಲಿಟರಿ ಲಾರಿಗಳು ಓಡಾಡುತ್ತಿದ್ದವು. ಅಕ್ಕಿ ರೇಷನ್ನಿನಲ್ಲಿ ಬರುತ್ತಿತ್ತು, ಅದರಲ್ಲಿ ಅರ್ಧ ನುಚ್ಚು. ಅವಳು ಕೃಷ್ಣರಾಜಪುರದ ಆಚೆಯ ಹಳ್ಳಿಯವಳು, ಮೈಸೂರಿನಲ್ಲಿದ್ದು ಟೀಚರ್ ಟ್ರೈನಿಂಗ್ ಮುಗಿಸಿಕೊಂಡಿದ್ದಳು. ನಾನು ಆಗಲೇ ಹಲಸೂರು ಕೆರೆಯ ಹತ್ತಿರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹಳೆಯ ಟೀಚರು. ಅವಳಿಗೂ ಅದೇ ಶಾಲೆಯಲ್ಲಿ ಕೆಲಸ ಸಿಕ್ಕಿತು. ಕೊಡಿಸಿದವಳು ನಾನೇ. ಇಬ್ಬರು ಸೊಸೆಯರೂ ಒಟ್ಟಿಗೆ ಬುತ್ತಿ ಕಟ್ಟಿಕೊಂಡು ಹೊರಡುವುದನ್ನು ನೋಡಿ ನಮ್ಮತ್ತೆಗೆ ಬಹಳ ಹೆಮ್ಮೆ.

ಆಗ ನಮ್ಮ ದಂಡಿನ, ಅಂದರೆ ಬ್ರಿಟಿಷರ ಕೈಯಲ್ಲಿದ್ದ ಕಂಟೋನ್ಮೆಂಟಿನ, ಶಾಲೆಗಳಲ್ಲಿ ಓದಿಸುತ್ತಿದ್ದ ಪುಸ್ತಕ ಬರೆದವರು ಯಾವ ಊರಿನವರೋ ನನಗೆ ಗೊತ್ತಿಲ್ಲ. ಅದರಲ್ಲಿ ಹಿಮ ಬೀಳುವ ಪಾಠವಿತ್ತು, ಕುರಿಯ ಉಣ್ಣೆ ಕತ್ತರಿಸುವ ಪಾಠವಿತ್ತು. ಚಳಿಗಾಲದಲ್ಲಿ ಮರಗಳು ಎಲೆ ಕಳಚಿ ಬೋಳಾಗುತ್ತವೆ ಎಂದು ನಾನು ಓದಿಸುವಾಗ ಕಿಟಕಿಯಾಚೆ ಹೊಂಗೆಮರ ಹಸಿರಾಗಿ ನಿಂತಿರುತ್ತಿತ್ತು. ಮಕ್ಕಳು ಅದನ್ನು ನೋಡುತ್ತಿರಲಿಲ್ಲ. ಪುಸ್ತಕದಲ್ಲಿರುವುದು ಪರೀಕ್ಷೆಗೆ, ಕಿಟಕಿಯಾಚೆ ಇರುವುದು ಆಟಕ್ಕೆ ಎಂದು ಅವರಿಗೆ ಯಾರೂ ಹೇಳಿಕೊಡದೆಯೇ ಗೊತ್ತಿತ್ತು.

ನನಗೆ ಇದು ಹೊಳೆಯದೆ ಇರಲಿಲ್ಲ. ಅವಳು ಬರುವುದಕ್ಕೆ ಎಷ್ಟೋ ಮೊದಲೇ ನಾನು ಹೆಡ್‌ಮಿಸ್ಟ್ರೆಸ್ ಅವರನ್ನು ಕೇಳಿದ್ದೆ.

"ಮೇಡಂ, ನನ್ನ ಕ್ಲಾಸಿನ ಮಕ್ಕಳನ್ನ ಕೆರೆ ಹತ್ರ ಕರ್ಕೊಂಡ್ ಹೋಗಿ ಭೂಗೋಳ ಹೇಳ್ಕೊಡ್ಲಾ?"

"ಇನ್‌ಸ್ಪೆಕ್ಷನ್ ಮುಗೀಲಿ, ನೋಡೋಣ," ಎಂದಿದ್ದರು ಅವರು.

ಇನ್‌ಸ್ಪೆಕ್ಷನ್ ಮುಗಿಯಿತು. ಅವರು ಮರೆತರು. ನಾನು ಮತ್ತೆ ಕೇಳಲಿಲ್ಲ.

ವಾರಗಿತ್ತಿ ನಾಲ್ಕನೇ ಕ್ಲಾಸಿನ ಟೀಚರಾಗಿ ಸೇರಿದ ಹೊಸದರಲ್ಲೇ ಅದನ್ನೇ ಕೇಳಿದಳು. ಆಫೀಸು ರೂಮಿಗೂ ನನ್ನ ಕ್ಲಾಸಿಗೂ ನಡುವೆ ಇದ್ದದ್ದು ಬರೀ ಒಂದು ಹಲಗೆ ತಡಿಕೆ, ಇನ್ನೊಂದು ಪಕ್ಕದ ಅವಳ ಕ್ಲಾಸಿಗೂ ಅಂಥದ್ದೇ ತಡಿಕೆ. "ಹೋಗ್ಬನ್ನಿ, ಆದ್ರೆ ನೀರಿಗೆ ಮಾತ್ರ ಇಳಿಸ್ಬೇಡಿ," ಎಂದು ಹೆಡ್‌ಮಿಸ್ಟ್ರೆಸ್ ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು. ಕೈಯಲ್ಲಿದ್ದ ಸೀಮೆಸುಣ್ಣ ಬೋರ್ಡಿನ ಮೇಲೆ ಹಾಗೇ ನಿಂತುಬಿಟ್ಟಿತು. ನನ್ನ ಬಾಯಿಯ ತುತ್ತನ್ನು ಯಾರೋ ಕಿತ್ತುಕೊಂಡ ಹಾಗಾಯಿತು. ಅವಳಿಗೆ ನಾನು ಕೇಳಿದ್ದ ವಿಷಯವೇ ಗೊತ್ತಿಲ್ಲ, ಅವಳನ್ನು ಬೈಯುವಂತೆಯೂ ಇರಲಿಲ್ಲ. ಬೈಯುವಂತಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಅಂದಿನಿಂದ ಅವಳ ಕ್ಲಾಸು ಬೇರೆಯೇ ಆಯಿತು. ಮಕ್ಕಳನ್ನು ಕೆರೆ ಏರಿಯ ಮೇಲೆ ಸಾಲಾಗಿ ಕೂರಿಸುತ್ತಿದ್ದಳು. ನೀರು ಎಲ್ಲಿಂದ ಬರುತ್ತೆ, ತೂಬು ಎಲ್ಲಿದೆ, ಕೋಡಿ ಬಿದ್ದರೆ ನೀರು ಯಾವ ಊರಿಗೆ ಹೋಗುತ್ತೆ ಎಂದು ಕೇಳುತ್ತಿದ್ದಳು. ದೊಮ್ಮಲೂರು, ಬೆಳ್ಳಂದೂರು ಎಂದು ಮಕ್ಕಳು ಕೆರೆಯಿಂದ ಕೆರೆಗೆ ಹೆಸರು ಜೋಡಿಸಿಕೊಂಡು ಹೋಗುತ್ತಿದ್ದವು. ವಾಪಸು ಬಂದು ಕ್ಲಾಸಿನಲ್ಲಿ ಅದನ್ನೆಲ್ಲ ಮತ್ತೊಮ್ಮೆ ಹೇಳಿಸುತ್ತಿದ್ದಳು. ಮಳೆ ಹಿಡಿದ ದಿನ ಕ್ಲಾಸಿನೊಳಗೆ ಕೂರಿಸಿಕೊಂಡು, ಮಳೆಗೆ ನಿಮ್ಮನೇಲಿ ಏನಂತೀರಿ, ಮಳೆ ಬಾರದಿದ್ದರೆ ನಿಮ್ಮಜ್ಜಿ ಏನು ಮಾಡುತ್ತಾರೆ ಎಂದು ಕೇಳುತ್ತಿದ್ದಳು. ಅವಳ ಕ್ಲಾಸಿನಲ್ಲಿ ತಮಿಳು ಮನೆಗಳ ಮಕ್ಕಳಿದ್ದರು, ಬ್ಲ್ಯಾಕ್‌ಪಲ್ಲಿಯ ಕಡೆಯಿಂದ, ಅಂದರೆ ಈಗಿನ ಶಿವಾಜಿನಗರದಿಂದ, ಬರುವ ದಖನಿ ಮಾತಿನ ಹುಡುಗಿಯರಿದ್ದರು. ಒಬ್ಬಳು ಮಳೈ ಎಂದರೆ ಇನ್ನೊಬ್ಬಳು ಬಾರಿಶ್ ಎನ್ನುತ್ತಿದ್ದಳು. ನನ್ನ ಕ್ಲಾಸಿನಲ್ಲಿ ಎಂದೂ ಬಾಯಿ ಬಿಡದೆ ಪಾಸಾಗಿ ಹೋಗಿದ್ದ ಹುಡುಗಿಯೊಬ್ಬಳು ಅಲ್ಲಿ ಎದ್ದು ನಿಂತು ತನ್ನಜ್ಜಿಯ ಹಾಡು ಹೇಳುವುದು ತಡಿಕೆಯ ಈಚೆ ಕೂತ ನನಗೆ ಕೇಳಿಸುತ್ತಿತ್ತು. ಆಗೆಲ್ಲ ನಾನು ಮಗ್ಗಿಯನ್ನು ಸ್ವಲ್ಪ ಜೋರಾಗಿ ಹೇಳಿಸುತ್ತಿದ್ದೆ.

ನನ್ನ ಮಗಳು ಅವಳ ಕ್ಲಾಸಿಗೇ ಹೋದಳು. ಮನೆಗೆ ಬಂದರೆ ಬರೀ ಚಿಕ್ಕಮ್ಮನ ಮಾತು. ಒಂದು ಸಂಜೆ ಅಜ್ಜಿಯ ಪಕ್ಕ ಕೂತು, "ಅಜ್ಜಿ, ನೀನು ಚಿಕ್ಕವಳಾಗಿದ್ದಾಗ ಕೆರೆ ಹೆಂಗಿತ್ತು? ಚಿಕ್ಕಮ್ಮ ಕೇಳ್ಕೊಂಡ್ ಬಾ ಅಂದಿದ್ದಾರೆ," ಎಂದಳು. ಅತ್ತೆ ಬತ್ತಿ ಹೊಸೆಯುವುದನ್ನು ಬಿಟ್ಟು ಹೇಳತೊಡಗಿದರು. ಬೇಸಿಗೆಯಲ್ಲಿ ನೀರು ತಗ್ಗಿದಾಗ ಊರಿನವರೆಲ್ಲ ಕೆರೆಗೆ ಇಳಿದು ಗೋಡು ತುಂಬಿಕೊಳ್ಳುತ್ತಿದ್ದದ್ದು, ಆ ಮಣ್ಣು ಗೋಡೆಗೂ ಹಿತ್ತಿಲಿಗೂ ಆಗುತ್ತಿದ್ದದ್ದು, ಮೊದಲ ಮಂಕರಿ ತೆಗೆಯುವ ಮುಂಚೆ ಕೆರೆಯಮ್ಮನಿಗೆ ಅರಿಸಿನ ಕುಂಕುಮ ಇಡುತ್ತಿದ್ದದ್ದು. ವಾರಗಿತ್ತಿ ಒಲೆ ಮುಂದಿನಿಂದ ಎದ್ದು ಬಂದು ಕಂಬಕ್ಕೆ ಒರಗಿ ಕೇಳುತ್ತಿದ್ದಳು.

ಇಷ್ಟು ವರ್ಷ ಈ ಮನೆಯಲ್ಲಿದ್ದ ನನಗೆ ಇದರಲ್ಲಿ ಒಂದು ಮಾತೂ ಗೊತ್ತಿರಲಿಲ್ಲ.

"ಅತ್ತೆ, ನನಗೆ ಯಾವತ್ತೂ ಇದನ್ನೆಲ್ಲ ಹೇಳೇ ಇಲ್ವಲ್ಲ," ಎಂದೆ.

"ನೀನ್ಯಾವತ್ತು ಕೇಳ್ದೆ?" ಎಂದರು ಅವರು, ಬೇಸರವಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ.

ಆ ದಿನ ನನಗೆ ಊಟ ಸೇರಲಿಲ್ಲ. ನಾನು ಹುಟ್ಟಿದ್ದೇ ಹಲಸೂರಿನಲ್ಲಿ. ಕೆರೆ ನನ್ನದು. ಅವಳು ಎಲ್ಲಿಂದಲೋ ಬಂದು ನನ್ನ ಕೆರೆಯನ್ನೂ ನನ್ನ ಅತ್ತೆಯನ್ನೂ ನನ್ನ ಮಗಳನ್ನೂ ಪಾಠ ಮಾಡಿಕೊಂಡಿದ್ದಳು. ಹೊಟ್ಟೆಕಿಚ್ಚು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಅದು ನಿಜವಾಗಿಯೂ ಹೊಟ್ಟೆಯಲ್ಲೇ ಉರಿಯುತ್ತದೆ, ಎದೆಯಲ್ಲಲ್ಲ. ಮಾರನೆಯ ದಿನ ಎಂದಿನಂತೆ ಅವಳ ಬುತ್ತಿಗೂ ನಾನೇ ಚಿತ್ರಾನ್ನ ಹಾಕಿದೆ, ಎಂದಿನಂತೆ ಜೊತೆಯಲ್ಲೇ ನಡೆದೆವು. ಅವಳು ದಾರಿಯುದ್ದಕ್ಕೂ ಏನೋ ಹೇಳುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ.

ಸ್ವಾತಂತ್ರ್ಯ ಬಂತು. ಅದೇ ಹೊತ್ತಿಗೆ ದಂಡು ಪ್ರದೇಶ ಮತ್ತೆ ಮೈಸೂರು ಸಂಸ್ಥಾನಕ್ಕೆ ಸೇರಿತು. ಶಾಲೆಗೆ ಹೊಸ ಇನ್‌ಸ್ಪೆಕ್ಟರು ಬಂದರು. ಕೋಟು, ಪೇಟ, ಬಹಳ ಮೆತ್ತಗಿನ ಮಾತು. ಈ ಭಾಗದ ಮಕ್ಕಳಿಗೆ ಈ ಭಾಗದ್ದೇ ಪಾಠ ಇರುವ ಹೊಸ ಪುಸ್ತಕ ಮಾಡಬೇಕು, ಅದಕ್ಕೊಂದು ಸಮಿತಿ ಆಗುತ್ತಿದೆ ಎಂದರು. ವಾರಗಿತ್ತಿಯ ಕ್ಲಾಸಿನಲ್ಲಿ ಕೂತವರು ಮಧ್ಯಾಹ್ನದ ಬೆಲ್ಲು ಹೊಡೆದರೂ ಏಳಲಿಲ್ಲ. ಹೋಗುವಾಗ, ಸುತ್ತಲಿನ ಶಾಲೆಗಳ ಟೀಚರುಗಳನ್ನೆಲ್ಲ ಕರೆಸುತ್ತೇನೆ, ಅವರ ಮುಂದೆ ಈ ಕೆರೆ ಪಾಠ ಮಾಡಿ ತೋರಿಸಬೇಕು ಎಂದು ಹೇಳಿ ಹೋದರು.

ಅವಳು ಆಗ ಬಸುರಿ. ಪಾಠದ ದಿನ ಹತ್ತಿರ ಬರುವಷ್ಟರಲ್ಲಿ ಕಾಲು ಊದಿಕೊಂಡು ಚಪ್ಪಲಿ ಹಿಡಿಸದಂತಾಯಿತು. ಹೆಂಗಸರ ಆಸ್ಪತ್ರೆಯ ಡಾಕ್ಟರಮ್ಮ, ಹೆರಿಗೆಯವರೆಗೆ ಮಂಚ ಬಿಟ್ಟು ಇಳಿಯಕೂಡದು ಎಂದರು.

"ಅಕ್ಕ, ನೀವೇ ಮಾಡ್ಬಿಡಿ," ಎಂದಳು ಮಲಗಿದಲ್ಲಿಂದ.

"ನಂಗೆಲ್ಲಿ ಬರುತ್ತೆ? ನಿನ್ನ ಪಾಠ ನಾನೆಲ್ಲಿ ನೋಡಿದ್ದೀನಿ?"

"ನೋಡದಿದ್ರೇನಾಯ್ತು, ತಡಿಕೆ ಆಚೆಯಿಂದ ಒಂದಕ್ಷರ ಬಿಡದೆ ಕೇಳಿಸ್ಕೊಂಡಿದ್ದೀರಲ್ಲ."

ನಾನು ಅವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ. ಕುಟುಕುತ್ತಲೂ ಇರಲಿಲ್ಲ. ನನಗೆ ಗೊತ್ತು ಎಂದಷ್ಟೇ ಹೇಳಿದಂತಿತ್ತು. ನಾನು ಒಪ್ಪಿಕೊಂಡೆ. ಸಂತೋಷವೂ ಆಯಿತು, ಆ ಸಂತೋಷದ ಮೇಲೆ ಸಿಟ್ಟೂ ಬಂತು. ಬೇಕಾಗಿದ್ದದ್ದು ಸಿಕ್ಕಿತ್ತು, ಆದರೆ ಅವಳ ಕೈಯಿಂದ.

ಆ ದಿನ ಏರಿಯ ಮೇಲೆ ಟೀಚರುಗಳು ಕೊಡೆ ಹಿಡಿದುಕೊಂಡು ನಿಂತಿದ್ದರು. ನಾನು ಮೊದಲೇ, "ಈ ಪಾಠ ನನ್ನದಲ್ಲ, ನನ್ನ ವಾರಗಿತ್ತಿಯದು. ಅವಳಿಗೆ ಮೈಗೆ ಹುಷಾರಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ತೂಬು, ಕೋಡಿ ಎಲ್ಲ ಅವಳು ಮಾಡುತ್ತಿದ್ದ ಕ್ರಮದಲ್ಲೇ ಆಯಿತು. ಮಕ್ಕಳು ಗಿಣಿಗಳ ಹಾಗೆ ಉತ್ತರ ಹೇಳಿದವು. ಅಲ್ಲಿಗೆ ಪಾಠ ಮುಗಿಯಬೇಕಿತ್ತು. ನನಗೆ ಅಲ್ಲಿಗೆ ಮುಗಿಸಲು ಮನಸ್ಸಾಗಲಿಲ್ಲ. ಅವಳು ಎಂದೂ ಏರಿಯಿಂದ ಕೆಳಗೆ ಇಳಿದಿರಲಿಲ್ಲ. "ಬನ್ನಿ, ನೀರಿನ ಹಿಂದೆ ಹೋಗೋಣ," ಎಂದು ಮಕ್ಕಳನ್ನು ಕಾಲುವೆಯ ಪಕ್ಕದಲ್ಲಿ ಪೂರ್ವಕ್ಕೆ ನಡೆಸಿದೆ. ಈಗ ಇಂದಿರಾನಗರ ಎನ್ನುವ ಕಡೆಯಲ್ಲಿ ಆಗ ಹೊಲ, ತೋಟ. ಟೀಚರುಗಳೂ ಇನ್‌ಸ್ಪೆಕ್ಟರೂ ಸೀರೆ, ಪಂಚೆ ಎತ್ತಿ ಹಿಡಿದುಕೊಂಡು ಹಿಂದೆ ಬಂದರು.

ದಂಟಿನ ಸೊಪ್ಪಿನ ಮಡಿಯೊಂದಕ್ಕೆ ನೀರು ಹಾಯುತ್ತಿತ್ತು. ನಾವು ಅಲ್ಲಿ ನಿಂತೆವು. ದೋಬಿಗಳ ಮನೆಯ ಹುಡುಗಿಯೊಬ್ಬಳು ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೀರನ್ನೇ ನೋಡಿ, ಎದ್ದು ಕೇಳಿದಳು.

"ಟೀಚರ್, ನಮ್ಮಪ್ಪ ಕೆರೇಲಿ ಸೋಲ್ಜರ್‌ಗಳ ಬಟ್ಟೆ ಒಗೀತಾರೆ. ಸೋಡಾ ಹಾಕ್ತಾರೆ, ಚೌಳುಮಣ್ಣು ಹಾಕ್ತಾರೆ. ಆ ನೀರೇನಾ ಇದು?"

"ಹೌದು," ಎಂದೆ.

"ಹಂಗಾದ್ರೆ ಸೊಪ್ಪಿನ ಜೊತೆ ಅದನ್ನೂ ತಿಂತೀವಾ?"

ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿ, "ಏನಮ್ಮ, ಇದಕ್ಕೆ ಉತ್ತರ?" ಎಂದರು.

"ನಂಗೊತ್ತಿಲ್ಲ ಸರ್."

ಅಷ್ಟು ಹೊತ್ತಿಗೆ ಮಕ್ಕಳೇ ಶುರು ಮಾಡಿದ್ದವು. ಬಟ್ಟೆ ಒಗೆಯಬಾರದು ಎಂದಳು ಒಬ್ಬಳು. ಹಂಗಂದ್ರೆ ನಾವು ಊಟಕ್ಕೇನು ಮಾಡೋದು ಎಂದಳು ದೋಬಿಯ ಮಗಳು. ಒಗೆದ ನೀರು ಬೇರೆ ಕಡೆ ಹೋಗುವ ಹಾಗೆ ಕಾಲುವೆ ತೋಡಬಹುದಲ್ಲ ಎಂದಳು ಇನ್ನೊಬ್ಬಳು. ಆ ಬೇರೆ ಕಡೆಯಲ್ಲೂ ಯಾರೋ ಸೊಪ್ಪು ಬೆಳೆದಿರ್ತಾರೆ ಎಂದಳು ನನ್ನ ಮಗಳು. ಬಿಸಿಲು ಏರಿ ಟೀಚರುಗಳು ಗೊಣಗತೊಡಗಿದ ಮೇಲೂ ಅವರ ಜಗಳ ನಿಲ್ಲಲಿಲ್ಲ. ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಮಕ್ಕಳು ತಮ್ಮ ಊರಿನ ನೀರಿಗಾಗಿ, ಅದರಲ್ಲಿ ಯಾರಿಗೂ ಅನ್ಯಾಯವಾಗಬಾರದೆಂದು, ಹೀಗೆ ತಲೆ ಕೆಡಿಸಿಕೊಂಡದ್ದನ್ನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮನೆಗೆ ಹೋಗಿ ವಾರಗಿತ್ತಿಯ ಮಂಚದ ಅಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಮೊದಮೊದಲು ನಗುನಗುತ್ತಾ ಕೇಳುತ್ತಿದ್ದಳು. ದೋಬಿಯ ಮಗಳ ಪ್ರಶ್ನೆ ಬಂದಾಗ ಅವಳ ನಗು ನಿಂತಿತು.

"ಅವಳು ಹಂಗಂತ ಕೇಳಿದ್ಲಾ?"

"ಹೂಂ."

"ನನ್ನ ಹತ್ರ ಯಾವತ್ತೂ ಕೇಳಿಲ್ಲ." ಹೊದಿಕೆ ಮೇಲೆಳೆದುಕೊಂಡು, "ನೀವ್ಯಾಕೆ ಕೆಳಗಿಳಿದ್ರಿ, ಅಕ್ಕ?" ಎಂದು ಗೋಡೆಯ ಕಡೆ ಮಗ್ಗುಲಾದಳು.

ನಾನು ಕಾಫಿ ಮಾಡಿಕೊಂಡು ಬಂದೆ. ತಿರುಗಿ ನೋಡದೆ, "ಅಲ್ಲಿಡಿ," ಎಂದಳು. ಅವಳಿಗೆ ಏನಾಗುತ್ತಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಬೇರೆ ಯಾರಿದ್ದರು? ಪಾಪ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ. ಆದರೆ ಅದಕ್ಕೂ ಮುಂಚೆ, ವರ್ಷಗಟ್ಟಲೆ ಉರಿಯುತ್ತಿದ್ದ ಜಾಗದಲ್ಲಿ ತಣ್ಣೀರು ಬಿದ್ದ ಹಾಗಾಯಿತು.

ಅವಳಿಗೆ ಗಂಡುಮಗುವಾಯಿತು. ಇನ್‌ಸ್ಪೆಕ್ಟರು ಸಮಿತಿಗೆ ನನ್ನನ್ನು ಕರೆದರು. ಇಬ್ಬರನ್ನೂ ಕರೆಯಿರಿ ಎಂದೆ. ಒಬ್ಬರಿಗೇ ಜಾಗವಿರುವುದು ಎಂದರು. ಬಾಣಂತಿಯನ್ನು ಕರೆದೊಯ್ಯುವಂತೆಯೂ ಇರಲಿಲ್ಲ, ನಾನೇ ಹೋದೆ. ಅವಳು ಹೇಳಿದ್ದನ್ನೂ ನಾನು ಕಂಡದ್ದನ್ನೂ ಸೇರಿಸಿ ಬರೆದುಕೊಟ್ಟೆ. ಆಮೇಲೆ ಬಂದ ಪುಸ್ತಕದಲ್ಲಿ ಕೆರೆಯ ಪಾಠ ಇತ್ತು. ತೂಬು, ಕೋಡಿ ಎಲ್ಲ ಇದ್ದವು, ಅತ್ತೆ ಹೇಳಿದ್ದ ಗೋಡು ತೆಗೆಯುವ ಮಾತೂ ಇತ್ತು. ದೋಬಿಯ ಮಗಳ ಪ್ರಶ್ನೆ ಇರಲಿಲ್ಲ. ಉತ್ತರವಿಲ್ಲದ ಪ್ರಶ್ನೆಯನ್ನು ಮಕ್ಕಳ ಪುಸ್ತಕದಲ್ಲಿ ಹಾಕುವುದು ಹೇಗೆ ಎಂದು ಸಮಿತಿಯ ಹಿರಿಯರೊಬ್ಬರು ಮೊದಲೇ ತೆಗೆಸಿದ್ದರು. ಚಿತ್ರದಲ್ಲಿ ಕೆರೆಯ ತುಂಬ ಹಂಸಗಳು ತೇಲುತ್ತಿದ್ದವು. ಹಲಸೂರು ಕೆರೆಯಲ್ಲಿ ನಾನು ಕಂಡದ್ದು ನೀರುಕಾಗೆ, ಬೆಳ್ಳಕ್ಕಿ, ಎಮ್ಮೆ.

ಪುಸ್ತಕ ನೋಡಿ ವಾರಗಿತ್ತಿ ಒಂದೇ ಮಾತು ಹೇಳಿದಳು. "ಪ್ರಶ್ನೆ ಬಿಟ್ಬಿಟ್ಟಿದ್ದಾರೆ. ನಾನಿದ್ದಿದ್ರೆ ಬಿಡ್ತಿರ್ಲಿಲ್ಲ."

"ನಾನೂ ತೆಗೀಬೇಡಿ ತೆಗೀಬೇಡಿ ಅಂತ ಕೂತಿದ್ದೆ."

"ಕೂತಿದ್ರಿ. ನಾನಾಗಿದ್ರೆ ಎದ್ದು ನಿಲ್ತಿದ್ದೆ."

ನಿಜವೇ ಇರಬಹುದು. ನಾನು ಒಪ್ಪಿಕೊಳ್ಳಲಿಲ್ಲ.

ಮುಂದಿನ ವರ್ಷ ಅವಳು ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಕೆಲಸಕ್ಕೆ ಬರತೊಡಗಿದಾಗ ಅವಳ ನಾಲ್ಕನೇ ಕ್ಲಾಸು ನನ್ನ ಕೈಯಲ್ಲಿತ್ತು. ಹಂಸದ ಪಾಠ ಓದಿಸಿದ ಮೇಲೆ ಪುಸ್ತಕ ಮುಚ್ಚಿಸಿ, ಸೋಡಾ ನೀರಿನ ಪ್ರಶ್ನೆಯನ್ನು ನಾನೇ ಬೋರ್ಡಿನ ಮೇಲೆ ಬರೆದೆ. ಮಕ್ಕಳು ಒಬ್ಬರ ಮೇಲೊಬ್ಬರು ಮಾತಾಡತೊಡಗಿದವು. ಬಾಗಿಲ ಕಡೆ ನೋಡಿದರೆ ಅವಳು ಜಗಲಿಯಲ್ಲಿ, ತನ್ನ ಕ್ಲಾಸಿಗೆ ಹೋಗುವುದನ್ನು ಮರೆತು, ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ತುಟಿ ಬಿಗಿದಿತ್ತು, ಕಣ್ಣು ಮಕ್ಕಳ ಮೇಲಿತ್ತು. ನಾನು ಅವಳನ್ನು ಕಾಣದವಳಂತೆ ಬೋರ್ಡಿಗೆ ತಿರುಗಿ, ಪಾಠವನ್ನು ಬೇಕೆಂದೇ ಇನ್ನಷ್ಟು ಬೆಳೆಸಿದೆ.