ಕೌದಿಯ ನಾಲ್ಕನೆಯ ಮೂಲೆ

ಟೇಲರಕ್ಕನ ಗುರುತಿನವರಲ್ಲಿ ಯಾರೇ ಸ್ವಂತ ಮನೆ ಮಾಡಲಿ, ಅವರಿಗೊಂದು ಕೌದಿ ಕಟ್ಟಿಟ್ಟ ಬುತ್ತಿ. ಗೋಡೆ ಗಡಿಯಾರ, ಹೂದಾನಿಗಳನ್ನು ಬೇರೆಯವರು ಕೊಟ್ಟುಕೊಳ್ಳಲಿ. ಇವಳು ಆ ಮನೆಯವರದೇ ಹಳೇ ಅಂಗಿ, ಚಾದರ, ಪರದೆಗಳನ್ನು ಕೇಳಿ ತಂದು, ಪದರದ ಮೇಲೆ ಪದರ ಹಾಸಿ ಹೊಲಿಯುವಳು. ಮೂರು ಮೂಲೆ ಮುಚ್ಚಿ ನಾಲ್ಕನೆಯದನ್ನು ಹಾಗೇ ಬಿಡುವಳು, ದಾರ ಪೋಣಿಸಿದ ಸೂಜಿ ಸಮೇತ. "ಮನೆ ನಿಮ್ದು. ಕೊನೇ ಹೊಲಿಗೆ ನೀವೇ ಹಾಕ್ಬೇಕು" ಎಂಬುದು ಅವಳ ಕಟ್ಟಪ್ಪಣೆ.

ಹಾಗಂತ ಅವರು ಹಾಕಿದ್ದನ್ನು ಬದುಕಗೊಡುತ್ತಾಳೆಯೇ? ಹೊಲಿಗೆ ಸ್ವಲ್ಪ ಸೊಟ್ಟಗಿದ್ದರೂ ಅವಳ ಕೈ ಸುಮ್ಮನಿರದು. ಮನೆಯವರು ಟೀ ಮಾಡಲು ಎದ್ದರೆ ಸಾಕು, ಸರಸರನೆ ಬಿಚ್ಚಿ ತಾನೇ ಹೊಲಿದುಬಿಡುವಳು. ಅದು ಎಲ್ಲರಿಗೂ ಗೊತ್ತಿತ್ತು, ಆದರೆ ಒಳ್ಳೆಯ ಹೆಂಗಸು, ನೋಯಿಸುವುದೇಕೆಂದು ಯಾರೂ ಬಾಯಿಬಿಡುತ್ತಿರಲಿಲ್ಲ.

ಬಾಯಿಬಿಟ್ಟವಳು ಒಬ್ಬಳೇ: ಅವಳ ಓರಗಿತ್ತಿ, ಮೈದುನನ ಹೆಂಡತಿ. ವರ್ಷಗಟ್ಟಲೆ ಒಂದೇ ಅಡುಗೆಮನೆಯಲ್ಲಿ ಇದ್ದವರು. ಓರಗಿತ್ತಿ ಮಡಚಿಟ್ಟ ಬಟ್ಟೆಯನ್ನು ಟೇಲರಕ್ಕ ಮತ್ತೆ ಮಡಚುವಳು, ಹೆಚ್ಚಿಟ್ಟ ತರಕಾರಿಯನ್ನು ಮತ್ತೆ ಹೆಚ್ಚುವಳು. ತನ್ನ ಮಗಳ ಫ್ರಾಕಿಗೆ ಕಷ್ಟಪಟ್ಟು ಮಡಿಸಿ ಹೊಲಿದ ಅಂಚನ್ನೂ ಒಂದು ದಿನ ಟೇಲರಕ್ಕ ಬಿಚ್ಚಿದಾಗ, ಓರಗಿತ್ತಿ ಗಳಗಳನೆ ಅತ್ತುಬಿಟ್ಟಳು. "ಈ ಮನೇಲಿ ನಾನು ಮಾಡಿದ್ದು ಯಾವ್ದೂ ಉಳಿಯಲ್ಲ ಅಕ್ಕಾ." ವರ್ಷ ತುಂಬುವುದರೊಳಗೆ ಮೈದುನನ ಸಂಸಾರ ಎರಡು ಕೋಣೆಯ ಮನೆ ಕೊಂಡು ಹೊರಟುಹೋಯಿತು. ಆಮೇಲೆ ಮಾತು ಅಷ್ಟಕ್ಕಷ್ಟೇ.

ಆದರೂ ಟೇಲರಕ್ಕ ಕೌದಿಗೆ ಕೂತಳು. ಬಟ್ಟೆ ಕೇಳಲು ಮುಖವಿರಲಿಲ್ಲ. ಓರಗಿತ್ತಿ ಬಿಟ್ಟುಹೋದ ನೈಟಿ, ತನ್ನದೊಂದು ನೈಟಿ, ಜೊತೆಗೆ ಹಳೇ ಅಡುಗೆಮನೆಯ ಪರದೆಯನ್ನೂ ಕತ್ತರಿಸಿದಳು. ಬಾಗಿಲಲ್ಲೇ ಮುಖ ತಿರುಗಿಸಿದರೆ ಏನು ಗತಿ ಎಂಬ ಅಳುಕಿನಲ್ಲಿ ಸೂಜಿ ಚುಚ್ಚಿಸಿಕೊಂಡಳು.

ಕೌದಿ ಹೊತ್ತು ಹೊಸ ಮನೆಗೆ ಹೋದರೆ, ಓರಗಿತ್ತಿ ಒಳಗೆ ಕರೆದಳು. ಕೌದಿ ಬಿಡಿಸಿ, ಪರದೆಯ ತುಂಡಿನ ಮೇಲೆ ಬೆರಳಾಡಿಸಿದಳು.

"ನನ್ ಹೊಲಿಗೆ ಗೊತ್ತಲ್ಲ ಅಕ್ಕಾ, ಕೋಳಿ ಕೆದರಿದ ಹಾಗೆ."

"ಹಾಕೇ."

ಒಂದು ಹೊಲಿಗೆ ಉದ್ದ, ಇನ್ನೊಂದು ಗಿಡ್ಡ. ಗಂಟು ಎಲ್ಲರಿಗೂ ಕಾಣುವಂತೆ ಮೇಲೇ ಕೂತಿತು. "ಟೀ ಮಾಡ್ತೀನಿ" ಎಂದು ಓರಗಿತ್ತಿ ಎದ್ದಳು. ಅಡುಗೆಮನೆಯ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಒಳಗೆ ಹೋದಳು. ಕತ್ತರಿ ಟೀಪಾಯಿಯ ಮೇಲೇ ಇತ್ತು.

ಪಾಪ, ಟೇಲರಕ್ಕನ ಸಂಕಟ ಶತ್ರುವಿಗೂ ಬೇಡ. ಬೆರಳ ತುದಿಗಳೆಲ್ಲ ನವೆಯೆದ್ದವು. ಗೋಡೆ ನೋಡಿದಳು, ಫ್ಯಾನು ನೋಡಿದಳು, ಕಣ್ಣು ಮತ್ತೆ ಆ ಗಂಟಿಗೇ ಬಂತು.

ಟೀ ತಂದವಳು ಮೊದಲು ನೋಡಿದ್ದು ಮೂಲೆಯನ್ನು. ಸೊಟ್ಟ ಹೊಲಿಗೆ ಇದ್ದ ಹಾಗೇ ಇತ್ತು. ಟೇಲರಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು.

"ಯಾಕಕ್ಕಾ ಹೀಗೆ ಕೂತಿದೀರಾ?"

"ಕೈ ಕಟ್ಟಿಹಾಕ್ಕೊಂಡಿದೀನಿ ಕಣೇ. ಬೇಗ ಟೀ ಕೊಡು!"

ಓರಗಿತ್ತಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ಇವತ್ತು ಇಲ್ಲೇ ಇದ್ದುಬಿಡಿ ಅಕ್ಕಾ. ಕೌದಿ ಇಬ್ರಿಗೂ ಸಾಕಾಗತ್ತೆ."