ಟೊಳ್ಳೆಂದು ಬರೆದ ಮರ

ಘಾನಾದ ಸೆಫ್ವಿ ಸೀಮೆಯ ಅರಣ್ಯ ಕಾವಲುಗಾರ ಅಡೋಮಾಕೋ ಮಚ್ಚಿನ ಹಿಂಬದಿಯಿಂದ ಬುಡಕ್ಕೆ ಬಡಿದು, ಕಿವಿಗೊಟ್ಟು, ಮರದ ಒಳಗನ್ನು ಹೇಳುತ್ತಿದ್ದ. ಗಟ್ಟಿಯಿದ್ದರೆ ಪಟ್ಟಿಯಲ್ಲೊಂದು ಸಂಖ್ಯೆ. ಟೊಳ್ಳಾದರೆ ಸಂಖ್ಯೆಯಿಲ್ಲ, ಕಡಿಯುವವರೂ ಇಲ್ಲ. ಮೂವತ್ತು ವರ್ಷದಲ್ಲಿ ಅವನು ಬರೆದ ಸುಳ್ಳು ಒಂದೇ. ಹೊಳೆಯಾಚೆ ದಿಬ್ಬದ ಒಡುಮ್ ಮರಗಳೆಲ್ಲ ಲಾರಿ ಹತ್ತಿದ ವರ್ಷ, ಉಳಿದ ಕೊನೆಯದು ಬೀಜಕ್ಕಾದರೂ ಇರಲೆಂದು ಅದನ್ನು ಟೊಳ್ಳೆಂದು ಬರೆದ. ಹೆಂಡತಿ ಸೆರ್ವಾಗೆ ಮಾತ್ರ ಗೊತ್ತಿತ್ತು. ನನ್ನ ಅಡುಗೆ ಚೆನ್ನಾಗಿದೆ ಅನ್ನೋಕೂ ಸುಳ್ಳು ಬಾರದವನು ಮರಕ್ಕೋಸ್ಕರ ಹೇಳಿದ ಎಂದು ಅವಳು ಆಡಿಕೊಂಡಿದ್ದಳು.

ನಿವೃತ್ತಿಗೆ ಆರು ತಿಂಗಳಿದ್ದಾಗ ಕಂಪನಿಯವರು ದಿಬ್ಬದ ಮೇಲೆ ಹೊಸ ದಾರಿ ತೆಗೆದರು. ಬದಿಯ ಟೊಳ್ಳು ಮರ ಲಾರಿಗಳ ಮೇಲೆ ಬಿದ್ದೀತು, ಮೊದಲು ಅದನ್ನು ಉರುಳಿಸಿ ಎಂದು ಆದೇಶವಾಯಿತು. ಗಟ್ಟಿಯೆಂದು ಒಪ್ಪಿಕೊಂಡರೆ ಹಲಗೆಗಾಗಿ ಕಡಿಯುತ್ತಿದ್ದರು. ದಾರಿಯನ್ನು ಇಪ್ಪತ್ತು ಹೆಜ್ಜೆ ಸರಿಸಿ ಎಂದು ಅಡೋಮಾಕೋ ಇಲಾಖೆಯ ಸಾಹೇಬರಲ್ಲಿ ಕೇಳಿಕೊಂಡ. ಟೊಳ್ಳು ಮರದ ಮೇಲೆ ಇಷ್ಟೇಕೆ ಮಮತೆ ಎಂದು ನಕ್ಕು ಅವರು ಕಡತ ಮುಚ್ಚಿದರು.

ಯಂತ್ರದ ಗರಗಸ ಹೊತ್ತು ಬಂದವನು ತಂಗಿಯ ಮಗ ಎನ್ಸಾ. ರೂಢಿಯಂತೆ ಬುಡಕ್ಕೆ ಕೋಳಿಮೊಟ್ಟೆಯೊಂದನ್ನು ಅರ್ಪಿಸಿ, ಹೆಂಡ ಸುರಿದು, ಮರದ ಕ್ಷಮೆ ಕೇಳಿದ. ಎದ್ದು ಒಮ್ಮೆ ಬಡಿದವನು ನಿಂತೇಬಿಟ್ಟ.

"ಮಾವಾ, ಇದು ಗಟ್ಟಿಯಾಗೇ ಇದೆಯಲ್ಲ."

"ಗೊತ್ತು."

"ಗೊತ್ತಿದ್ದೂ ನನ್ನ ಕೈಲೇ ಕಡಿಸ್ತೀರಾ?"

"ನೀನಾದ್ರೆ ಮರಕ್ಕೆ ಮೊಟ್ಟೆ ಕೊಡ್ತೀಯ. ಬೇರೆಯವ್ನು ಅದನ್ನೂ ಬೇಯಿಸ್ಕೊಂಡು ತಿಂತಾನೆ."

ಮರ ಬಿತ್ತು. ತಿರುಳು ಬಂಗಾರದ ಬಣ್ಣದ್ದು, ಒಂದು ಹುಳುವಿನ ತೂತಿಲ್ಲ. ಕಡಿದ ತುದಿಯ ಮೇಲೆ ಪಟ್ಟಿಯ ಸಂಖ್ಯೆಯನ್ನು ಕಾವಲುಗಾರ ಅಚ್ಚಿನ ಸುತ್ತಿಗೆಯಿಂದ ಒತ್ತದೆ ದಿಮ್ಮಿ ತನಿಖಾ ಠಾಣೆ ದಾಟುವಂತಿಲ್ಲ. ಈಗಲಾದರೂ ಯಾವುದೋ ಒಂದು ಸಂಖ್ಯೆ ಒತ್ತಿ, ಇಂಥ ಮರ ಹಾಳಾಗುವುದು ಬೇಡ ಎಂದು ಎನ್ಸಾ ಅಂಗಲಾಚಿದ. ಅಡೋಮಾಕೋ ಸುತ್ತಿಗೆಯನ್ನು ಚೀಲದಿಂದ ತೆಗೆಯಲಿಲ್ಲ. ಒಂದು ಸುಳ್ಳಿಗೇ ಇಷ್ಟಾಯಿತು ಎಂದಷ್ಟೇ ಹೇಳಿದ.

ದಿಮ್ಮಿ ಅಲ್ಲೇ ಉಳಿಯಿತು. ನಿವೃತ್ತನಾದ ಮೇಲೂ ಅವನು ವಾರಕ್ಕೊಮ್ಮೆ ದಿಬ್ಬ ಹತ್ತಿ ಅದಕ್ಕೆ ಬಡಿದು ಕೇಳಿ ಬರುತ್ತಿದ್ದ. ಸುತ್ತ ಒಂದು ಸಸಿಯೂ ಕಾಣಲಿಲ್ಲ. ಲಾರಿಗಳು ಅಲ್ಲೇ ತಿರುಗುತ್ತಿದ್ದವು. ಎಷ್ಟೋ ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಮನೆಗೆ ಬಂದು, "ಇವತ್ತು ದನಿ ಬದಲಾಯ್ತು" ಎಂದ. ಸೆರ್ವಾ ಆ ದಿನ ಆಡಿಕೊಳ್ಳಲಿಲ್ಲ.

ಮರುಭೂಮಿಯ ಒಣಗಾಳಿ ಬೀಸುವ ಹೊತ್ತಿಗೆ ಅವನು ಹೋದ. ಮಾವನ ಶವಪೆಟ್ಟಿಗೆಗೆಂದು ಎನ್ಸಾ ಆ ದಿಮ್ಮಿಗೆ ಗರಗಸವಿಟ್ಟ. ಹಲಗೆ ಬರಲಿಲ್ಲ, ಹಿಡಿ ಹಿಡಿ ಪುಡಿ ಬಂತು. ಪೇಟೆಯ ಅಗ್ಗದ ವಾವಾ ಮರದಲ್ಲೇ ಪೆಟ್ಟಿಗೆಯಾಯಿತು. ಹೊತ್ತವರಿಗೆ ಭಾರವೇ ಆಗಲಿಲ್ಲ.