ರತ್ನ ಕೊಡದ ಪ್ರಸಾದ

ನಾನು ಸುಳ್ಳು ಹೇಳಿದೆ. ಆರು ವರ್ಷದ ಹಿಂದೆ ನನ್ನ ಆಪರೇಷನ್ ನಿಂತುಹೋಗಿದ್ದು ರತ್ನನಿಂದಲ್ಲ, ನನ್ನಿಂದ. ಅವತ್ತಿನಿಂದ ಆ ಹೆಣ್ಣುಮಗಳು ಹೊತ್ತು ತಿರುಗುತ್ತಿರುವ ಕೆಟ್ಟ ಹೆಸರು ನನ್ನದು.

ರತ್ನ ನನ್ನ ಓರಗಿತ್ತಿ, ಮೈದುನ ಗಂಗಾಧರನ ಹೆಂಡತಿ. ಹಳೇಬೀಡಿನವಳು. ಅರಸೀಕೆರೆಯ ನಮ್ಮ ಮನೆಯಲ್ಲಿ ಅಣ್ಣತಮ್ಮಂದಿರದು ಒಂದೇ ಕೊಬ್ಬರಿ ವ್ಯಾಪಾರ, ಒಂದೇ ಅಡುಗೆಮನೆ. ನಾನು ಬಿ.ಎ. ಮುಗಿಸಿದವಳು, ಅವಳು ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿದವಳು. ಈ ಬಿ.ಎ. ನನ್ನ ತಲೆಗೆ ಎಷ್ಟು ಏರಿತ್ತೆಂದರೆ — ಮನೆಗೆ ಯಾವ ಕಾಗದ ಬಂದರೂ ನಾನೇ ಓದಬೇಕು, ನಾನೇ ಅರ್ಥ ಹೇಳಬೇಕು, ಉಳಿದವರು ಬಾಯಿ ಮುಚ್ಚಿಕೊಂಡು ಕೇಳಬೇಕು.

ಪಿತ್ತಕೋಶದಲ್ಲಿ ಕಲ್ಲು ಅಂತ ಹಾಸನದ ಡಾಕ್ಟರು ಹೇಳಿದಾಗಲೂ ಹಾಗೇ ಆಯಿತು. ಹೊಟ್ಟೆ ಕೊಯ್ಯುವುದಿಲ್ಲ, ನಾಲ್ಕು ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು ತೆಗೆಯುತ್ತೇವೆ, ಎರಡು ದಿನಕ್ಕೆಲ್ಲ ಮನೆಗೆ ಕಳಿಸುತ್ತೇವೆ ಅಂದರು. ನಮ್ಮ ಮನೆಯಲ್ಲಿ ಅಂಥ ಆಪರೇಷನ್ ಅದೇ ಮೊದಲು. ಅತ್ತೆಗೆ ನಂಬಿಕೆಯೇ ಇಲ್ಲ. "ತೂತಲ್ಲಿ ಕಲ್ ಹೆಂಗೆ ಈಚೆ ಬತ್ತದೆ? ಸುಮ್ಕೆ ಏಮಾರಿಸ್ತಾರೆ ಕಣಮ್ಮಿ" ಅನ್ನುತ್ತಿದ್ದರು. ನಾನು ಆಸ್ಪತ್ರೆಯವರು ಕೊಟ್ಟ ಸೂಚನೆಯ ಹಾಳೆಯನ್ನು ನಡುಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ. ಆಪರೇಷನ್ನಿನ ಹಿಂದಿನ ರಾತ್ರಿ ಹತ್ತರ ಮೇಲೆ ಏನೂ ತಿನ್ನುವಂತಿಲ್ಲ, ನೀರೂ ಕುಡಿಯುವಂತಿಲ್ಲ. ಅದನ್ನೇ ಕೆಂಪು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ. ಅಷ್ಟು ಸಾಲದು ಅಂತ ರತ್ನನಿಗೆ ಬೇರೆಯಾಗಿ ಹೇಳಿದೆ, "ನೀನು ಮರೆತು ಕಾಫಿಗೀಫಿ ತಂದುಕೊಡಬೇಡ ಕಣೇ."

ಆಪರೇಷನ್ ದಿನ ಬೆಳಿಗ್ಗೆ ಎದ್ದು, ಸ್ನಾನ ಮಾಡಿ ಇಷ್ಟಲಿಂಗದ ಪೂಜೆಗೆ ಕೂತೆ. ಚಿಕ್ಕಂದಿನಲ್ಲಿ ದೀಕ್ಷೆಯಾದಾಗಿನಿಂದ ಪೂಜೆ ಮಾಡದೆ ಒಂದು ಗುಟುಕು ನೀರು ಕುಡಿದವಳಲ್ಲ, ಪೂಜೆ ಮುಗಿದ ಮೇಲೆ ಪ್ರಸಾದ ಬಾಯಿಗೆ ಹಾಕಿಕೊಳ್ಳದೆ ಎದ್ದವಳೂ ಅಲ್ಲ. ನಮ್ಮಲ್ಲಿ ಪ್ರಸಾದವನ್ನು ಯಾರೂ ಊಟದ ಲೆಕ್ಕಕ್ಕೆ ಸೇರಿಸುವುದಿಲ್ಲ. ಉಪವಾಸವಿದ್ದವರೂ ಪ್ರಸಾದ ತೆಗೆದುಕೊಳ್ಳುತ್ತಾರೆ, ಆಮೇಲೂ ಉಪವಾಸ ಅಂತಲೇ ಹೇಳುತ್ತಾರೆ. ಅವತ್ತಿನ ನೈವೇದ್ಯ ಒಂದು ಬಟ್ಟಲು ಹಾಲು — ಅದರಲ್ಲಿ ಹೆಚ್ಚಿದ ಬಾಳೆಹಣ್ಣು, ಕೊಬ್ಬರಿ ತುರಿ, ಸಕ್ಕರೆ. ಎಲ್ಲರಿಗೂ ಹಂಚಲೆಂದು ರತ್ನ ಬಟ್ಟಲು ಎತ್ತಿಕೊಂಡಿದ್ದಳು. ನಾನು ಕೈ ಚಾಚಿದೆ. ಅವಳು ಎರಡು ಹೆಜ್ಜೆ ಹಿಂದೆ ಹೋದಳು.

"ಬ್ಯಾಡಿ ಅಕ್ಕ. ನೀವೇ ಬರ್ದು ಅಂಟಿಸಿದ್ದೀರಲ್ಲ."

"ಪ್ರಸಾದ ಊಟ ಅಲ್ಲ ಕಣೇ, ತಾ ಇಲ್ಲಿ. ನಂಗೇ ಹೇಳಿಕೊಡೋಕೆ ಬರ್ತಾಳೆ!"

ಬಟ್ಟಲನ್ನು ಅವಳ ಕೈಯಿಂದ ಕಿತ್ತುಕೊಂಡೆ. ಹೌದು, ಕಿತ್ತುಕೊಂಡೆ — ಬೇರೆ ಮಾತು ಹುಡುಕಿ ನೋಡಿದೆ, ಸಿಗಲಿಲ್ಲ. ಒಂದು ಚೂರು ಬಾಯಿಗೆ ಹಾಕಿಕೊಂಡಿದ್ದರೆ ಭಕ್ತಿ ಅನ್ನಬಹುದಿತ್ತೇನೋ. ನಾನು ಬಟ್ಟಲು ಖಾಲಿ ಮಾಡಿದೆ. ಹೊಟ್ಟೆ ಹಸಿದಿತ್ತು, ಭಯಕ್ಕೆ ಬಾಯಿ ಒಣಗಿತ್ತು, ಕುಡಿದುಬಿಟ್ಟೆ. ಅಷ್ಟೇ. ಆಗ ಅಲ್ಲಿ ನಾವಿಬ್ಬರೇ ಇದ್ದೆವು.

ಆಸ್ಪತ್ರೆಯಲ್ಲಿ ಹಸಿರು ನಿಲುವಂಗಿ ಹಾಕಿಸಿದರು, ಬಳೆ, ಓಲೆ, ಸರ ಎಲ್ಲ ತೆಗೆಸಿದರು. ಲಿಂಗ ಮಾತ್ರ ಮೈಯಿಂದ ಬೇರೆ ಮಾಡುವುದಿಲ್ಲ ಅಂತ ಹಟ ಹಿಡಿದೆ. ಪಾಪ, ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿದರು. ಆಮೇಲೆ ಅರಿವಳಿಕೆ ಕೊಡುವ ಡಾಕ್ಟರು ಬಂದರು. ಏನಾದರೂ ತಿಂದಿದ್ದೀರಾ ಅಂದರು. ಇಲ್ಲ ಅಂದೆ. ಅದನ್ನು ಸುಳ್ಳು ಅಂತ ಅಂದುಕೊಂಡು ಹೇಳಲಿಲ್ಲ ಕೂಡ — ಹಾಗಿತ್ತು ನನ್ನ ತಲೆ. ಅವರು ಬಿಡಲಿಲ್ಲ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಪ್ರಜ್ಞೆ ಇಲ್ಲದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗಬಹುದು, ಪ್ರಾಣಕ್ಕೇ ಅಪಾಯ ಅಂದರು. ಆಗ ಬೆಳಗಿನ ಬಟ್ಟಲು ನೆನಪಾಯಿತು. "ಪ್ರಸಾದ..." ಅಂದೆ. ಯಾವ ಪ್ರಸಾದ, ಎಷ್ಟು ಅಂತ ಒಂದೊಂದೇ ಕೇಳಿ ತಿಳಿದುಕೊಂಡರು. ಆಪರೇಷನ್ ಅಲ್ಲಿಗೇ ನಿಂತಿತು.

ನನ್ನನ್ನು ಗಾಡಿಯಲ್ಲಿ ಹೊರಗೆ ತಳ್ಳಿಕೊಂಡು ಬಂದರು. ಅತ್ತೆ, ನಮ್ಮ ಯಜಮಾನರು, ಗಂಗಾಧರ, ರತ್ನ — ನಾಲ್ವರೂ ಗಾಬರಿಯಿಂದ ಎದ್ದು ನಿಂತರು.

"ಅಷ್ಟು ಬಡ್ಕೊಂಡು ಹೇಳಿದ್ರೂ ಹಾಲು ಕುಡ್ಸಿ ಕರ್ಕೊಂಡ್ ಬಂದಿದ್ದೀರಲ್ರೀ! ಯಾರು ಕೊಟ್ಟಿದ್ದು?" ಅಂತ ಡಾಕ್ಟರು ರೇಗಿದರು.

ಎಲ್ಲರ ಕಣ್ಣೂ ನನ್ನ ಮೇಲೆ. ಓದಿದವಳು, ಹಾಳೆ ಓದಿ ಹೇಳಿದವಳು, ಕೆಂಪಕ್ಷರದಲ್ಲಿ ಬರೆದವಳು —

"ರತ್ನ ಕೊಟ್ಲು."

ಇಷ್ಟೇ ಅಂದಿದ್ದು. ರತ್ನ ನನ್ನ ಮುಖ ನೋಡಿದಳು. ನಾನು ಗೋಡೆಯ ಕಡೆ ತಿರುಗಿದೆ. ಅತ್ತೆ ಅಲ್ಲೇ, ಅಷ್ಟು ಜನರ ಎದುರಿಗೆ, "ನನ್ನ ಹಿರೀ ಸೊಸೆನ ಸಾಯ್ಸಕ್ಕೇ ಹೊಂಟಿದ್ಯೇನೇ?" ಅಂತ ಕೂಗಾಡಿದರು. "ನಿನ್ ತಲೇಲಿ ಏನೈತೇ? ಮಣ್ಣಾ?" ಅಂದ ಗಂಗಾಧರ. ಅವಳು ತುಟಿ ಬಿಚ್ಚಲಿಲ್ಲ. ಅವಳು ಜಗಳವಾಡಲಿ ಅಂತ ನಾನು ಒಳಗೊಳಗೇ ಕಾದೆ. ಅವಳು 'ಇಲ್ಲ' ಅಂದಿದ್ದರೆ ನಾನು 'ಹೌದು, ನಾನೇ' ಅನ್ನುತ್ತಿದ್ದೆನೇ? ಅನ್ನುತ್ತಿರಲಿಲ್ಲ. ಇನ್ನೂ ಗಟ್ಟಿಯಾಗಿ ಸುಳ್ಳು ಹೇಳುತ್ತಿದ್ದೆ.

ಮುಂದಿನ ವಾರ ಬನ್ನಿ ಅಂತ ಕಳಿಸಿದರು. ಮುಂದಿನ ವಾರದ ತನಕ ಪಿತ್ತಕೋಶ ಕಾಯಲಿಲ್ಲ. ಮೂರನೆಯ ದಿನಕ್ಕೇ ಚಳಿಜ್ವರ, ಉಸಿರು ಬಿಡಲಾಗದ ನೋವು. ಒಳಗೆ ಕೀವಾಗಿತ್ತಂತೆ. ಅಂತೂ ತೂತಿನಲ್ಲೇ ತೆಗೆದರು, ಆದರೆ ಬಹಳ ಹೊತ್ತು ಹಿಡಿಯಿತು. ಪಕ್ಕೆಗೊಂದು ನಳಿಕೆ, ಅದಕ್ಕೊಂದು ಚೀಲ. ಎರಡು ದಿನಕ್ಕೆ ಬರಬೇಕಾದವಳು ವಾರ ಕಳೆದು ಮನೆಗೆ ಬಂದೆ. ಇದೆಲ್ಲ ಯಾರ ತಲೆಗೆ ಬಂತು ಅಂತ ಹೇಳಬೇಕಾಗಿಲ್ಲ.

ಮನೆಗೆ ಬಂದ ಮೇಲಿನ ಮೂರು ವಾರದ ಆರೈಕೆ ನೆನೆದರೆ ಈಗಲೂ ತಲೆ ಕೆಡುತ್ತದೆ. ಆಪರೇಷನ್ ಮಾಡುವಾಗ ಹೊಟ್ಟೆ ಉಬ್ಬಿಸಲು ತುಂಬಿದ ಗಾಳಿಯ ನೋವು ಭುಜಕ್ಕೆ ಏರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಇಲ್ಲಾ, ಹೇಳಿದಾಗ ನಾನು ಕೇಳಿಸಿಕೊಂಡಿರಲಿಲ್ಲ. ಆಪರೇಷನ್ ಹೊಟ್ಟೆಗೆ, ಸಾಯುವಷ್ಟು ನೋವು ಭುಜಕ್ಕೆ! ಕೆಮ್ಮುವಂತಿಲ್ಲ, ನಗುವಂತಿಲ್ಲ, ಮಗ್ಗುಲು ಬದಲಿಸುವಂತಿಲ್ಲ. ಬ್ರೆಡ್ಡು, ಮೂಸಂಬಿ ಹಿಡಿದು ನೋಡಲು ಬಂದವರಿಗೆಲ್ಲ ಗಾಯ ತೋರಿಸಬೇಕು. ಉಗುರಿನಷ್ಟಗಲದ ನಾಲ್ಕು ಪಟ್ಟಿ ನೋಡಿ "ಅಯ್ಯೋ, ಇಷ್ಟೇನಾ?" ಅನ್ನುತ್ತಿದ್ದರು. ಎದ್ದು ಬಾರಿಸಬೇಕು ಅನ್ನಿಸುತ್ತಿತ್ತು. ಏಳಲಾಗುತ್ತಿರಲಿಲ್ಲ.

ಬೆನ್ನಿಗೆ ಕೈ ಕೊಟ್ಟು ಎಬ್ಬಿಸುತ್ತಿದ್ದವಳು ರತ್ನ. ಹಿತ್ತಲಿನಲ್ಲಿ ಹತ್ತು ಸುತ್ತು ನಡೆಸುತ್ತಿದ್ದವಳು, ತಲೆ ಬಾಚುತ್ತಿದ್ದವಳು ರತ್ನ. ಆದರೆ ಅವಳ ಕೈಯಿಂದ ನನ್ನ ಬಾಯಿಗೆ ಏನೂ ಹೋಗಬಾರದು ಅಂತ ಅತ್ತೆಯ ಕಟ್ಟಪ್ಪಣೆ. ಗಂಜಿ ಅವಳೇ ಕಾಯಿಸಬೇಕು, ಬಾಗಿಲಲ್ಲಿ ಅತ್ತೆ ಈಸಿಕೊಂಡು ನನಗೆ ಕೊಡಬೇಕು. ಪ್ರಸಾದ ಹಂಚುವ ಕೆಲಸವನ್ನೂ ಅವಳಿಂದ ತೆಗೆದರು. ನಾನು ಕಣ್ಣಾರೆ ನೋಡುತ್ತಾ ಗಂಜಿ ಕುಡಿದೆ.

ಒಂದು ದಿನ ರತ್ನನ ತಾಯಿ ಹಳೇಬೀಡಿನಿಂದ ನನ್ನನ್ನು ನೋಡಲು ಬಂದರು. ನಮ್ಮ ಅತ್ತೆ ಅವರನ್ನು ಕೂರಿ ಅನ್ನಲಿಲ್ಲ. "ಮಗಳಿಗೆ ಏನ್ ಕಲ್ಸಿ ಕಳ್ಸಿದ್ದೀರಿ? ಕಾಯಿಲೆಯೋರಿಗೆ ಏನ್ ಕೊಡ್ಬೇಕು, ಏನ್ ಕೊಡ್ಬಾರ್ದು ಅಂತ ಗೊತ್ತಿಲ್ವಾ?" ಅಂದರು. ಆ ತಾಯಿ ನಿಂತಲ್ಲೇ ಕೈಮುಗಿದರು. "ತಪ್ಪಾಯ್ತು ಕಣಮ್ಮ, ನನ್ನ ಮಗಳಿಗೆ ತಿಳೀಲಿಲ್ಲ, ಹೊಟ್ಟೆಗೆ ಹಾಕ್ಕೊಳಿ." ಮಾಡದ ತಪ್ಪಿಗೆ, ನಾನು ಮಲಗಿದ್ದ ಮಂಚದ ಪಕ್ಕದಲ್ಲಿ. ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು! ಅವರು ಮುಂದಿನ ಬಸ್ಸಿಗೇ ಹೊರಟುಹೋದರು, ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಆಮೇಲೆ ಅದು ನೆಂಟರಿಷ್ಟರ ಬಾಯಲ್ಲಿ ಕಥೆಯಾಯಿತು. ಬೇಲೂರಿನಲ್ಲಿ ಒಂದು ಗೃಹಪ್ರವೇಶ. ರತ್ನ ಪಾಯಸದ ಬಕೆಟ್ಟು ಹಿಡಿದು ಬಡಿಸಲು ಹೊರಟಳು. ಒಬ್ಬಾಕೆ ಅದನ್ನು ಇಸಿದುಕೊಂಡು, "ನೀನ್ ಬ್ಯಾಡ ಬಿಡವ್ವ, ಯಾರಿಗೋ ಏನೋ ಕೊಟ್ಬಿಟ್ಟೀಯ" ಅಂದಳು. ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕೆ.

ಬಟ್ಟಲು ಹಿಡಿದಿದ್ದವಳು ಅವಳೇ ತಾನೇ, ಅವಳ ಕೈಯಿಂದಲೇ ನನ್ನ ಕೈಗೆ ಬಂತು ತಾನೇ, ಹಾಗಾದರೆ 'ಕೊಟ್ಟಳು' ಅನ್ನುವುದು ಪೂರ್ತಿ ಸುಳ್ಳೇ? ಎಷ್ಟು ವರ್ಷ ಹೀಗೇ ನನಗೆ ನಾನೇ ವಕೀಲಿ ಮಾಡಿಕೊಂಡೆ! ಇವತ್ತು ಹೇಳೋಣ ಅಂತ ಹೋಗುವುದು, ಉಪ್ಪಿನ ಡಬ್ಬಿ ಎಲ್ಲಿ ಅಂತ ಕೇಳಿಕೊಂಡು ವಾಪಸು ಬರುವುದು. ಕಳೆದ ವರ್ಷ ಅತ್ತೆ ಹಾಸಿಗೆ ಹಿಡಿದರು. ಕೊನೆಯ ದಿನಗಳಲ್ಲೂ ರತ್ನ ಮಾತ್ರೆ ತಂದರೆ ಬಾಯಿ ಬಿಗಿ ಹಿಡಿಯುತ್ತಿದ್ದರು. ಅವಳು ಮಾತ್ರೆಯನ್ನು ನನ್ನ ಕೈಗಿಟ್ಟು ಆಚೆ ಹೋಗುತ್ತಿದ್ದಳು. ಆಗಲಾದರೂ ಒಂದು ಮಾತು — ಇಲ್ಲ, ಆಗಲೂ ಇಲ್ಲ. ಅತ್ತೆ ನನ್ನ ಸುಳ್ಳನ್ನು ನಂಬಿಕೊಂಡೇ ಲಿಂಗೈಕ್ಯರಾದರು.

ಈಗ ರತ್ನನಿಗೆ ಗರ್ಭಕೋಶದಲ್ಲಿ ಗಡ್ಡೆ. ಅದೇ ತೂತಿನ ಆಪರೇಷನ್. ಬರುವ ಸೋಮವಾರ ಅಂತ ಗೊತ್ತಾಗಿದೆ. ಮೊನ್ನೆ ಗಂಗಾಧರ ಆಸ್ಪತ್ರೆಯ ಹಾಳೆಯನ್ನು ತಂದು ನನ್ನ ಕೈಗೇ ಕೊಟ್ಟ. "ಅತ್ತಿಗೆ, ಅವತ್ತು ಬೆಳಿಗ್ಗೆ ಇವಳ ಮೇಲೆ ಒಂದ್ ಕಣ್ಣಿಡಿ. ಇವಳನ್ನ ನಂಬಕ್ಕಾಗಲ್ಲ. ನಿಮಗೇ ಗೊತ್ತಲ್ಲ."

ನನಗೇ ಗೊತ್ತಲ್ಲ! ಮೈಯೆಲ್ಲ ಉರಿದುಹೋಯಿತು. ಅವನ ಮೇಲಲ್ಲ, ನನ್ನ ಮೇಲೆ.

ನೇರ ಹಿತ್ತಲಿಗೆ ಹೋದೆ. ರತ್ನ ಬಟ್ಟೆ ಹರವುತ್ತಿದ್ದಳು. ಹೇಳಿದೆ. ಎಲ್ಲ ಹೇಳಿದೆ, ಅತ್ತುಕೊಂಡು, ಹಿಂದುಮುಂದಾಗಿ. ಅವಳು ಹಿಂಡಿದ ಸೀರೆಯನ್ನು ಕೊಡವಿ ಹಾಕಿದಳು.

"ಅವತ್ತು ಆಪರೇಷನ್‌ಗೆ ಹೋಗೋರ ಕೂಡೆ ಜಗಳ ಬ್ಯಾಡ ಅಂತ ಸುಮ್ಕಾದೆ. ಹುಷಾರಾದ ಮ್ಯಾಲೆ ನೀವೇ ಹೇಳ್ತೀರ ಅಂದ್ಕೊಂಡೆ." ಇನ್ನೊಂದು ಬಟ್ಟೆ ಕೈಗೆತ್ತಿಕೊಂಡು ಅಂದಳು, "ಈಗ ನಂಗ್ ಹೇಳಿ ಏನಕ್ಕ? ನಂಗೆ ಗೊತ್ತಿರೋದೇ ಅಲ್ವಾ? ಗೊತ್ತಿಲ್ದೋರಿಗೆ ಹೇಳಿ."

ಮಧ್ಯಾಹ್ನ ಅಣ್ಣತಮ್ಮ ಇಬ್ಬರೂ ಊಟಕ್ಕೆ ಕೂತಾಗ ಹೇಳಿದೆ. ಈ ಸಲ ಅಳಲಿಲ್ಲ. ಬಟ್ಟಲು ಕಿತ್ತುಕೊಂಡಿದ್ದರಿಂದ ಹಿಡಿದು ಬೇಲೂರಿನ ನಗುವಿನ ತನಕ ಹೇಳಿದೆ. ಯಜಮಾನರು ತಟ್ಟೆಯಿಂದ ತಲೆ ಎತ್ತಲಿಲ್ಲ. ಗಂಗಾಧರ ನನ್ನನ್ನು ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದ.

"ನೀನಾದ್ರೂ ನಂಗೆ ಒಂದ್ ಮಾತು ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನಂಬ್ತಿದ್ರಾ?" ಅಂದಳು ರತ್ನ.

ಅವಳ ಮಾತಿಗೆ ಬೆಲೆ ಇಲ್ಲದ ಹಾಗೆ ಮಾಡಿದವಳು ನಾನು. ಆರು ವರ್ಷ, ಅವಳ ಗಂಡನ ಹತ್ತಿರವೂ.

ಅತ್ತೆಗೆ ಹೇಳುವ ದಾರಿ ಇನ್ನಿಲ್ಲ. ಆ ಪಾಪ ನನ್ನ ಜೊತೆಗೇ ಮಣ್ಣಿಗೆ ಹೋಗಬೇಕು. ರತ್ನನ ತಾಯಿ ಇದ್ದಾರೆ. ಸೋಮವಾರ ಬರುವ ಮೊದಲು ನಾನೊಬ್ಬಳೇ ಹಳೇಬೀಡಿಗೆ ಹೋಗುತ್ತೇನೆ. ಅವರು ಕೂರಿ ಅನ್ನದಿದ್ದರೆ ನಿಂತುಕೊಂಡೇ ಹೇಳುತ್ತೇನೆ — ಅಮ್ಮ, ನಿಮ್ಮ ಮಗಳು ತಪ್ಪು ಮಾಡಿರಲಿಲ್ಲ, ನೀವು ಯಾರಿಗೂ ಕೈಮುಗಿಯಬೇಕಾಗಿರಲಿಲ್ಲ.